ಮುಚ್ಚಿದ ಬಾಗಿಲುಗಳ ಹನೋಯ್

ವಿಯೆಟ್ನಾಂನ ಚಿತ್ರಕಾರ ಬುಯಿ ಸುವಾನ್ ಫಾಯ್ ಅವರ ಬೀದಿ ಚಿತ್ರಗಳ ಬಗ್ಗೆ ಬರೆಯುವವರು ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ: ಕಳೆದುಹೋದ ಊರು, ಪಾಚಿಗಟ್ಟಿದ ಹೆಂಚಿನ ಮಾಡು, ಎಂಥ ಕಾಲವಿತ್ತು ಅದು! ಹನೋಯ್‌ನ ಹಳೆ ಪೇಟೆಗೆ 'ಫಾಯ್ ಬೀದಿ' ಎಂಬ ಹೆಸರೇ ಬಿದ್ದುಹೋಗಿದೆ. ಗದ್ಯಲೇಖಕ ನ್ಗುಯೆನ್ ತುವಾನ್ ಕೊಟ್ಟ ಹೆಸರು ಅದು ಎನ್ನುತ್ತಾರೆ. ಇಂದಿನ ಹನೋಯ್ ಬಲ್ಲವರಿಗೆ ಈ ಹಳಹಳಿಕೆ ಅರ್ಥವಾಗದ್ದೇನಲ್ಲ. 1986ರ ಕೊನೆಯಲ್ಲಿ ಅಲ್ಲಿನ ಕಮ್ಯುನಿಸ್ಟ್ ಪಕ್ಷ 'ದೋಯ್ ಮೋಯ್' ಎಂಬ ಆರ್ಥಿಕ ಸುಧಾರಣೆಗೆ ಒಪ್ಪಿಗೆ ಕೊಟ್ಟಿತು. ಅದಾದ ಮೇಲೆ ಹಳೆ ಮನೆಗಳ ಜಾಗದಲ್ಲಿ ಕಡ್ಡಿಯಂತೆ ಸಪೂರವಾದ ಹೋಟೆಲುಗಳು ಎದ್ದವು, ತೊಂಬತ್ತು ವರ್ಷ ಓಡಿದ ಟ್ರಾಂ ನಿಂತಿತು. 2008ರ ಆಗಸ್ಟ್ 1ರಂದು ಪಕ್ಕದ ಹಾ ತಾಯ್ ಪ್ರಾಂತ್ಯವನ್ನು ಇಡಿಯಾಗಿ ಸೇರಿಸಿಕೊಂಡ ನಗರ ಒಂದೇ ದಿನದಲ್ಲಿ ಮೂರು ಪಟ್ಟಿಗೂ ಮೀರಿ ಹಿಗ್ಗಿ, 3,300 ಚದರ ಕಿಲೋಮೀಟರು ದಾಟಿತು. ಇಷ್ಟು ಬೇಗ ರೂಪ ಬದಲಿಸಿದ ಊರು ತನ್ನ ಹಳೆಯ ಮುಖಕ್ಕಾಗಿ ಒಬ್ಬ ಚಿತ್ರಕಾರನ ಕಡೆಗೆ ತಿರುಗುವುದು ಸಹಜ. ಆದರೆ ಇಲ್ಲಿ ಒಂದು ಇಸವಿ ಅಡ್ಡ ಬರುತ್ತದೆ. ಫಾಯ್ ತೀರಿಕೊಂಡದ್ದು 1988ರ ಜೂನ್‌ನಲ್ಲಿ. ಅವರು ಕುಂಚ ಹಿಡಿದಿದ್ದಷ್ಟು ಕಾಲವೂ ಆ ಮಾಡು, ಆ ಗೋಡೆ, ಆ ಕಂಬ ಅವರ ಕಣ್ಣೆದುರಿಗೇ ಇದ್ದವು. ಅಂದಮೇಲೆ ಅವರು ಹಳಹಳಿಸಿದ್ದು ಯಾತಕ್ಕೆ? ಹಳಹಳಿಕೆ ಅವರದಲ್ಲ, ನಂತರ ಬಂದ ನೋಡುಗರದು ಎನ್ನುವುದು ನನ್ನ ವಾದ. ಫಾಯ್ ಚಿತ್ರಿಸಿದ್ದು ಬದಲಾಗದೆ ಉಳಿದ ಊರನ್ನಲ್ಲ. ಗೋಡೆ ಹಾಗೆಯೇ ನಿಂತಿದ್ದು ಅದರ ಹಿಂದಿನದೆಲ್ಲ ಬದಲಾದ ಊರನ್ನು. ನಗರ ಬದಲಾವಣೆ ಎಂದೊಡನೆ ಕ್ರೇನು, ಮೇಲ್ಸೇತುವೆ, ಗಾಜಿನ ಗೋಪುರಗಳನ್ನು ಹುಡುಕುವ ಕಣ್ಣಿಗೆ ಇದು ಕಾಣುವುದಿಲ್ಲ.

ಮೊದಲು ಚಿತ್ರಗಳನ್ನೇ ನೋಡೋಣ. ಬಹುಪಾಲು ಚಿಕ್ಕ ಗಾತ್ರದವು. ಕ್ಯಾನ್ವಾಸ್ ಸಿಗದ ಕಾಲದಲ್ಲಿ ಅವರು ರಟ್ಟು, ಹಳೆ ಪತ್ರಿಕೆ, ಸಿಗರೇಟು ಪ್ಯಾಕು, ಬೆಂಕಿಪೊಟ್ಟಣ ಎಲ್ಲದರ ಮೇಲೂ ಬಿಡಿಸಿದರು. ಬಣ್ಣಗಳು ಬೂದಿ, ಕಂದು, ಮಾಸಿದ ಬಿಳಿ, ಅಲ್ಲಲ್ಲಿ ಪಾಚಿಯ ಹಸಿರು. ಮಾಡಿನ ಅಂಚಿಗೆ, ಬಾಗಿಲಿನ ಚೌಕಟ್ಟಿಗೆ, ವಿದ್ಯುತ್ ಕಂಬಕ್ಕೆ ದಪ್ಪ ಕಪ್ಪು ಗೆರೆ. ಆ ಗೆರೆ ಎಲ್ಲಿಯೂ ನೆಟ್ಟಗಿಲ್ಲ. ಮಾಡುಗಳು ಒಂದರ ಭುಜಕ್ಕೆ ಒಂದು ಒರಗಿವೆ, ಗೋಡೆಗಳು ಸ್ವಲ್ಪ ವಾಲಿವೆ. ಬೀದಿ ತಿರುವಿನಲ್ಲಿ ಮುಗಿದುಬಿಡುತ್ತದೆ, ಆಚೆಗೆ ಏನಿದೆ ಎಂದು ತೋರಿಸುವುದಿಲ್ಲ. ಮನುಷ್ಯರು ಇದ್ದರೆ ಒಬ್ಬರೋ ಇಬ್ಬರೋ, ಅವರೂ ಬೆನ್ನು ತಿರುಗಿಸಿದವರು ಅಥವಾ ಮುಖವಿಲ್ಲದ ಒಂದು ಬಣ್ಣದ ಮಚ್ಚೆ. ಬಾಗಿಲುಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ, ಇಲ್ಲವೆ ಒಳಗೆ ಬರಿಯ ಕಪ್ಪು. ಈ ಪೇಟೆಯ ಮನೆಗಳ ರಚನೆ ಗೊತ್ತಿದ್ದವರಿಗೆ ಇದರ ತೂಕ ತಿಳಿಯುತ್ತದೆ. ಅವು ಕೊಳವೆಯಂಥ ಮನೆಗಳು: ಬೀದಿಗೆ ಮೂರು ಮೀಟರಿನ ಆಸುಪಾಸು ಮುಖ, ಹಿಂದಕ್ಕೆ ಮೂವತ್ತು, ನಲವತ್ತು, ಕೆಲವೆಡೆ ಅರವತ್ತು ಮೀಟರು ಆಳ, ನಡುನಡುವೆ ಬೆಳಕಿಗಾಗಿ ತೆರೆದ ಅಂಗಳ. ಮುಂದೆ ಅಂಗಡಿ, ಹಿಂದೆ ಸಂಸಾರ, ಇನ್ನೂ ಹಿಂದೆ ಅಡುಗೆಮನೆ, ಉಗ್ರಾಣ. ಮನೆಯ ಬದುಕೆಲ್ಲ ಆ ಆಳದಲ್ಲಿ. ಫಾಯ್ ಸ್ವತಃ 1952ರಿಂದ ಸಾಯುವವರೆಗೆ ಥುವೊಕ್ ಬಾಕ್ ಬೀದಿಯ 87ನೇ ನಂಬರಿನಲ್ಲಿ, ಅಂಥದೇ ಪೇಟೆಯ ನಡುವೆ ಬದುಕಿದರು. ಆ ಒಳಗನ್ನು ಅವರಷ್ಟು ಬಲ್ಲವರಿಲ್ಲ. ಆದರೂ ಬೀದಿ ಚಿತ್ರಗಳಲ್ಲಿ ಅವರು ಪಟ್ಟು ಹಿಡಿದಂತೆ ಮೂರು ಮೀಟರಿನ ಮುಖವನ್ನಷ್ಟೇ ಕೊಡುತ್ತಾರೆ. ಒಳಗನ್ನು ಬಲ್ಲವನು ಹೊರಗಷ್ಟೇ ನಿಲ್ಲುವುದು ಒಂದು ನಿರ್ಧಾರ. ಆ ನಿರ್ಧಾರವೇ ಈ ಚಿತ್ರಗಳ ವಸ್ತು.

ಆ ಮುಖದ ಹಿಂದೆ ನಡೆದದ್ದೇನು ಎಂಬುದಕ್ಕೆ ಇತಿಹಾಸವಿದೆ. 1945ರ ಬರಗಾಲದಲ್ಲಿ ಹಳ್ಳಿಗಳಿಂದ ಬಂದ ಹಸಿದವರು ಹನೋಯ್ ಬೀದಿಗಳಲ್ಲೇ ಸತ್ತುಬಿದ್ದರು. 1946ರ ಡಿಸೆಂಬರ್ 19ರಂದು ಫ್ರೆಂಚರ ವಿರುದ್ಧ ಶುರುವಾದ ಕಾದಾಟದಲ್ಲಿ ಈ ಹಳೆ ಪೇಟೆಯೇ ರಣರಂಗವಾಯಿತು. ಹೋರಾಟಗಾರರು ಬೀದಿಗಿಳಿಯದೆ ಓಡಾಡಲೆಂದು ಮನೆಯಿಂದ ಮನೆಗೆ ಗೋಡೆ ಕೊರೆದು ದಾರಿ ಮಾಡಿಕೊಂಡರು. ಎರಡು ತಿಂಗಳು ಹಾಗೆ ತಡೆದು ನಿಂತು, 1947ರ ಫೆಬ್ರುವರಿಯಲ್ಲಿ ರಾತ್ರೋರಾತ್ರಿ ನದಿಯ ಕಡೆಗೆ ಜಾರಿಕೊಂಡರು. 1954ರಲ್ಲಿ ದೇಶ ಎರಡಾಯಿತು. ಉತ್ತರದಿಂದ ಎಂಟು ಲಕ್ಷಕ್ಕೂ ಹೆಚ್ಚು ಜನ ದಕ್ಷಿಣಕ್ಕೆ ಹೊರಟುಹೋದರು, ಅವರಲ್ಲಿ ಹನೋಯ್‌ನ ವರ್ತಕರು, ನೌಕರರು, ಕ್ರೈಸ್ತರು ಇದ್ದರು. 1958ರಿಂದ ಖಾಸಗಿ ವ್ಯಾಪಾರವನ್ನು ಸರ್ಕಾರ ಹಂತಹಂತವಾಗಿ ಕೈಗೆ ತೆಗೆದುಕೊಂಡಿತು. ಒಂದು ಸಂಸಾರವಿದ್ದ ಮನೆಗೆ ನಾಲ್ಕೈದು ಸಂಸಾರಗಳು ಬಂದವು, ಅಂಗಳಗಳು ಅಡುಗೆಯ ಜಾಗವಾದವು, ಮಹಡಿಗಳು ಹಲಗೆಯ ಗೋಡೆಗಳಿಂದ ತುಂಡಾದವು. ಬೆಳ್ಳಿಯವರ ಹಾಂಗ್ ಬಾಕ್, ತಗಡಿನವರ ಹಾಂಗ್ ಥಿಯೆಕ್, ಕಾಗದದ ಸಾಮಾನಿನ ಹಾಂಗ್ ಮಾ ಎಂದು ಕಸುಬಿನ ಹೆಸರು ಹೊತ್ತ ಬೀದಿಗಳಲ್ಲಿ ಕಸುಬು ಸೊರಗಿ, ರೇಷನ್ ಚೀಟಿಯ ಸಾಲುಗಳು ಬೆಳೆದವು. ಅರವತ್ತರ ದಶಕದ ಮಧ್ಯದಿಂದ ಅಮೆರಿಕದ ಬಾಂಬುಗಳು ಬಿದ್ದವು, ಮಕ್ಕಳನ್ನು ಹಳ್ಳಿಗಳಿಗೆ ಸಾಗಿಸಲಾಯಿತು. 1972ರ ಡಿಸೆಂಬರ್ 26ರ ರಾತ್ರಿ ಖಾಮ್ ಥಿಯೆನ್ ಬೀದಿ ನೆಲಸಮವಾಯಿತು. ಇಷ್ಟೂ ಫಾಯ್ ಕಂಡ ಹನೋಯ್. ಒಂದು ತಲೆಮಾರಿನ ಒಳಗೆ ಊರಿನ ಒಡೆತನ, ನೆರೆಹೊರೆ, ಕಸುಬು, ಊಟ ಎಲ್ಲವೂ ಮಗುಚಿಬಿದ್ದವು. ಆದರೆ ಹಳೆ ಪೇಟೆಯಲ್ಲಿ ಹೊಸದಾಗಿ ಕಟ್ಟಿದ್ದು ಬಹಳ ಕಡಿಮೆ. ಹೆಂಚು ಹಾಗೇ ಇತ್ತು, ಅದರ ಕೆಳಗಿನ ಜನ ಬೇರೆಯಾಗಿದ್ದರು. ಇದನ್ನು ವೇಗದ ಬದಲಾವಣೆ ಎನ್ನದೆ ಮೊಬೈಲ್ ಅಂಗಡಿ ಬಂದದ್ದನ್ನಷ್ಟೇ ಬದಲಾವಣೆ ಎಂದರೆ, ಅದು ಪ್ರವಾಸಿಯ ಲೆಕ್ಕ.

ಈಗ ಆ ಮುಚ್ಚಿದ ಬಾಗಿಲುಗಳನ್ನು ಮತ್ತೆ ನೋಡಿದರೆ ಅವು ಶಾಂತಿಯ ಗುರುತಾಗಿ ಉಳಿಯುವುದಿಲ್ಲ. ಶತಮಾನಗಟ್ಟಲೆ ವ್ಯಾಪಾರಕ್ಕೆ ಬಾಯ್ತೆರೆದು ಕೂತಿದ್ದ ಬೀದಿಯ ಬಾಗಿಲು ಹಗಲಲ್ಲೇ ಮುಚ್ಚಿದೆ ಎಂದರೆ ಅಲ್ಲಿ ಏನೋ ಆಗಿದೆ. ಫಾಯ್ ಅದನ್ನು ಹೇಳುವುದಿಲ್ಲ, ಹೇಳುವಂತೆಯೂ ಇರಲಿಲ್ಲ. 1956–57ರಲ್ಲಿ ಅವರು ಹನೋಯ್ ಕಲಾಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಲೇಖಕರ, ಕಲಾವಿದರ ಸ್ವಾತಂತ್ರ್ಯ ಕೇಳಿದ 'ನ್ಯಾನ್ ವಾನ್ – ಜಾಯ್ ಫಾಮ್' ಚಳವಳಿಯ ಜೊತೆ ನಿಂತದ್ದಕ್ಕಾಗಿ ಅವರನ್ನು ನಾಮ್ ದಿನ್ ಊರಿನ ಒಂದು ಮರಗೆಲಸದ ಕಾರ್ಖಾನೆಗೆ ದುಡಿಯಲು ಕಳಿಸಲಾಯಿತು, ಕೆಲಸಕ್ಕೆ ರಾಜೀನಾಮೆ ಕೊಡಬೇಕಾಯಿತು. ಮುಂದೆ ಪತ್ರಿಕೆಗಳ ರೇಖಾಚಿತ್ರ, ರಂಗಸಜ್ಜಿಕೆ ಮುಂತಾದ ಬಿಡಿ ಕೆಲಸಗಳಲ್ಲಿ ಹೊಟ್ಟೆಪಾಡು. ನ್ಗುಯೆನ್ ಹೂ ಹುವಾನ್ ಬೀದಿಯ ಲಾಮ್ ಅವರ ಕಾಫಿ ಅಂಗಡಿಯಲ್ಲಿ ಕುಡಿದ ಕಾಫಿಗೆ ಹಣದ ಬದಲು ಚಿತ್ರ ಕೊಡುತ್ತಿದ್ದ ಕತೆ ಈಗ ದಂತಕತೆಯಾಗಿದೆ. ಬದುಕಿದ್ದಾಗ ಅವರ ಏಕವ್ಯಕ್ತಿ ಪ್ರದರ್ಶನ ನಡೆದದ್ದು ಒಂದೇ ಸಲ, 1984ರಲ್ಲಿ. ದೇಶದ ದೊಡ್ಡ ಗೌರವಗಳಲ್ಲೊಂದಾದ ಹೊ ಚಿ ಮಿನ್ ಪ್ರಶಸ್ತಿ ಬಂದದ್ದು ಸತ್ತು ಎಂಟು ವರ್ಷಗಳ ಮೇಲೆ, 1996ರಲ್ಲಿ. ಆ ಕಾಲದ ಅಧಿಕೃತ ಕಲೆ ಕೇಳುತ್ತಿದ್ದದ್ದು ಉಕ್ಕಿನ ಕಾರ್ಖಾನೆ, ನಗುವ ರೈತ ಮಹಿಳೆ, ಬಂದೂಕು ಹಿಡಿದ ಯೋಧ. ಅಂದರೆ ಬದಲಾವಣೆಯ ಚಿತ್ರಗಳಿಗೆ ಆಗ ಕೊರತೆ ಇರಲಿಲ್ಲ. ಬೇಡಿಕೆ ಇದ್ದದ್ದೇ ಅವಕ್ಕೆ. ಗೋಡೆಯನ್ನು ಬಿಡಿಸುತ್ತ ಕೂತದ್ದು ಆ ಬೇಡಿಕೆಗೆ ಕೊಟ್ಟ ಉತ್ತರ. 'ಪ್ರತಿಭಟನೆ' ಎಂಬ ಪದವನ್ನು ನಾನು ಇಲ್ಲಿ ಬಳಸುವುದಿಲ್ಲ. 1966ರಲ್ಲಿ 'ಹನೋಯ್ ಪ್ರತಿರೋಧ'ದಂಥ ಹೋರಾಟದ ಚಿತ್ರವನ್ನೂ ಅವರು ಬಿಡಿಸಿದ್ದಾರೆ, ಗುಟ್ಟಾಗಿ ಕತ್ತಿ ಮಸೆಯುತ್ತಿದ್ದ ಬಂಡುಕೋರರಂತೂ ಅಲ್ಲ. ಆದರೆ ಹೊಸದನ್ನು ಹೊಗಳಬೇಕಾದ ಹೊತ್ತಿನಲ್ಲಿ ಹೊಸದರ ಭಾರಕ್ಕೆ ವಾಲಿದ ಹಳೆ ಗೋಡೆಯನ್ನು ತೋರಿಸಿದರು.

ಇದಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ. ಫಾಯ್ ಈ ಬೀದಿಗಳನ್ನು 1958ರ ನಂತರ ಶುರುಮಾಡಿದವರಲ್ಲ. ಇಂಡೋಚೀನಾ ಕಲಾಶಾಲೆಯ ಹುಡುಗನಾಗಿದ್ದಾಗಲೇ, 1940ರ ದಶಕದ ಮೊದಲಲ್ಲೇ, ಹಾಂಗ್ ಫೆನ್ ಬೀದಿಯನ್ನು ಚಿತ್ರಿಸಿದ್ದರು. ಬಾಗಿಲು ಮುಚ್ಚಿದ್ದು ರಾಜಕೀಯ ಕಾರಣದಿಂದ ಎನ್ನುವುದಾದರೆ ಈ ಮೊದಲಿನ ಚಿತ್ರಗಳಿಗೆ ಏನು ಹೇಳುತ್ತೀರಿ? ಜೊತೆಗೆ, ಆ ಶಾಲೆ ಫ್ರೆಂಚರು 1925ರಲ್ಲಿ ತೆರೆದದ್ದು. ಪ್ಯಾರಿಸಿನ ಮೊಂಮಾರ್ತ್ರ್ ಬೀದಿಗಳನ್ನು ಜೀವಮಾನವಿಡೀ ಬಿಡಿಸಿದ ಯೂಟ್ರಿಲೊನ ನೆರಳು ಫಾಯ್ ಮೇಲೆ ಬಿದ್ದಿದೆ ಎಂದು ಬಹಳ ಜನ ಹೇಳಿದ್ದಾರೆ. ಹಾಗಾದರೆ ಖಾಲಿ ಬೀದಿ ಎನ್ನುವುದು ಹನೋಯ್‌ನ ಅನುಭವವೇ ಅಲ್ಲ, ಯುರೋಪಿನಿಂದ ಎರವಲು ತಂದ ಒಂದು ಭಂಗಿ ಅಷ್ಟೇ? ಆಕ್ಷೇಪದ ಮೊದಲ ಅರ್ಧವನ್ನು ಒಪ್ಪುತ್ತೇನೆ: ವಸ್ತು ಮೊದಲೇ ಸಿಕ್ಕಿತ್ತು, ಶೈಲಿಯ ಬೀಜ ಹೊರಗಿನದು. ಆದರೆ ಒಬ್ಬ ಕಲಾವಿದ ತನ್ನ ವಸ್ತುವನ್ನು ಆರಿಸಿಕೊಳ್ಳುವುದು ಒಂದು ಕಾರಣಕ್ಕೆ, ಅದರೊಂದಿಗೆ ನಲವತ್ತು ವರ್ಷ ಉಳಿಯುವುದು ಇನ್ನೊಂದು ಕಾರಣಕ್ಕೆ. ಯೂಟ್ರಿಲೊನ ಸುಣ್ಣದ ಬಿಳಿ ಗೋಡೆಗಳಿಗೆ ಹಗಲಿನ ಬೆಳಕಿದೆ, ಕಟ್ಟಡಗಳು ತಮ್ಮ ಕಾಲ ಮೇಲೆ ತಾವು ನಿಂತಿವೆ. ಫಾಯ್ ಗೋಡೆಗಳಲ್ಲಿ ಬೆಳಕು ಎಲ್ಲಿಂದ ಬರುತ್ತದೆಂದು ಹೇಳಲಾಗದು. ಆ ದಪ್ಪ ಗೆರೆ ಇಲ್ಲದಿದ್ದರೆ ಇಡೀ ಸಾಲು ಕುಸಿಯುತ್ತದೆ ಎನ್ನಿಸುತ್ತದೆ. ಅರವತ್ತು, ಎಪ್ಪತ್ತರ ದಶಕಗಳಿಗೆ ಬಂದಂತೆ ಗೆರೆ ಇನ್ನೂ ದಪ್ಪವಾಗಿ ಮಾಡುಗಳು ಇನ್ನೂ ಕೆಳಗಿಳಿಯುತ್ತವೆ; 1972ರ 'ಹನೋಯ್ ಹಳೆ ಬೀದಿ'ಯ ಹೊತ್ತಿಗೆ ಇದು ಕಲಿತ ಭಂಗಿಯಾಗಿ ಉಳಿದಿಲ್ಲ. ಎರವಲು ತಂದ ಪಾತ್ರೆಯಲ್ಲಿ ಬೇಯಿಸಿದ್ದು ಮನೆಯ ಅಕ್ಕಿಯನ್ನೇ.

ಚಿತ್ರಗಳ ಈ ಓದು ಕೇವಲ ನನ್ನ ಊಹೆಯಾಗಿ ಉಳಿಯದಿರಲು ಅದೇ ಕಾಲದ, ಅದೇ ಊರಿನ ಒಬ್ಬ ಕವಿಯ ಸಾಕ್ಷ್ಯ ನೆರವಾಗುತ್ತದೆ. ಟ್ರಾನ್ ಜಾನ್ (1926–1997) ಫ್ರೆಂಚರು ಸೋತ ದಿಯೆನ್ ಬಿಯೆನ್ ಫೂ ಯುದ್ಧಭೂಮಿಯಿಂದ ಬಂದ ಸೈನಿಕ-ಲೇಖಕ. ಸೇನೆಯ ಕಟ್ಟುಪಾಡಿನಿಂದ ಹೊರಬರಲು ಹೆಣಗುತ್ತಿದ್ದಾಗ, 1955ರಲ್ಲಿ, ಹನೋಯ್‌ನ ಸಿನ್ ತು ಬೀದಿಯ ಒಂದು ಸಣ್ಣ ಕೋಣೆಯ ಬದುಕನ್ನು ಕುರಿತು ದೀರ್ಘ ಕವಿತೆ ಬರೆದರು. ಅದರ ಶೀರ್ಷಿಕೆ ಗೆಲುವಿನ ಭರವಸೆಯದು. ಒಳಗೆ ಇರುವುದು ಕೆಲಸವಿಲ್ಲದ ಗಂಡು ಹೆಣ್ಣು, ದಕ್ಷಿಣಕ್ಕೆ ಹೊರಟವರ ಗುಂಪುಗಳು, ಬಿಡದ ಮಳೆ. ಆ ಕವಿತೆಯಲ್ಲಿ ಮತ್ತೆ ಮತ್ತೆ ಬರುವ ಪಲ್ಲವಿಯಂಥ ಭಾಗದಲ್ಲಿ ಕವಿ ಬೀದಿಯಲ್ಲಿ ನಡೆಯುತ್ತಾನೆ, ಬೀದಿಯೂ ಮನೆಗಳೂ ಅವನಿಗೆ ಕಾಣುವುದಿಲ್ಲ. ಕಾಣುವುದು ಕೆಂಪು ಬಾವುಟದ ಮೇಲೆ ಸುರಿಯುವ ಮಳೆ. 1956ರ ಆರಂಭದಲ್ಲಿ ಅದು ಅಚ್ಚಾದದ್ದೇ ತಡ, ಕವಿಯನ್ನು ಬಂಧಿಸಿದರು. ಅವರು ಕತ್ತು ಕೊಯ್ದುಕೊಳ್ಳಲು ಯತ್ನಿಸಿ ಬದುಕುಳಿದರು. ಅದೇ ವರ್ಷ ಹೊರಬಂದ 'ನ್ಯಾನ್ ವಾನ್' ಪತ್ರಿಕೆಯಲ್ಲಿ ಆ ಗಾಯದ ಗುರುತಿನೊಂದಿಗೇ ಅವರ ಮುಖಚಿತ್ರ ಬಂತು, ಬಿಡಿಸಿದ್ದು ಫಾಯ್ ಗೆಳೆಯ ನ್ಗುಯೆನ್ ಸಾಂಗ್. ಮುಂದಿನ ಮೂರು ದಶಕ ಅವರ ಬರಹ ಅಚ್ಚಿನ ಮುಖ ಕಾಣಲಿಲ್ಲ ಎನ್ನಬಹುದು. ಮೇಲ್ನೋಟಕ್ಕೆ ಫಾಯ್ ಮತ್ತು ಟ್ರಾನ್ ಜಾನ್ ಎದುರುಬದುರು: ಚಿತ್ರಕಾರನಿಗೆ ಮನೆಗಳಷ್ಟೇ ಕಾಣುತ್ತವೆ, ಕವಿಗೆ ಮನೆಗಳೇ ಕಾಣುವುದಿಲ್ಲ. ಆದರೆ ಇಬ್ಬರೂ ಒಂದೇ ಬಿಕ್ಕಟ್ಟಿನ ಎರಡು ಕಡೆ ನಿಂತವರು. ಊರು ಕಣ್ಣೆದುರಿಗಿದೆ, ಆದರೆ ನಿನ್ನೆಯ ಊರಲ್ಲ. ಆ ವ್ಯತ್ಯಾಸವನ್ನು ನೇರವಾಗಿ ಹೇಳುವ ಭಾಷೆ ಯಾರಿಗೂ ಸಿಗುತ್ತಿಲ್ಲ. ಒಬ್ಬರು ಗೋಡೆಗೆ ಕಣ್ಣು ನೆಟ್ಟರು, ಇನ್ನೊಬ್ಬರು ಗೋಡೆ ಕಾಣುತ್ತಿಲ್ಲ ಎಂದರು.

ಟ್ರಾನ್ ಜಾನ್ 1966ರಲ್ಲಿ ಬರೆದ 'ಅಡ್ಡರಸ್ತೆಗಳು ಮತ್ತು ದೀಪದ ಕಂಬಗಳು' ಕಾದಂಬರಿ ಇದನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ. ಸೋತ ಸೈನ್ಯದಲ್ಲಿದ್ದ ಒಬ್ಬ ಯುವಕ, 1954ರ ನಂತರದ ಹನೋಯ್‌ನಲ್ಲಿ ಎಲ್ಲರ ಅನುಮಾನದ ಕಣ್ಣಿನ ಕೆಳಗೆ ಬದುಕುತ್ತಾನೆ. ಅವನು ಅದೇ ಬೀದಿಗಳಲ್ಲಿ ನಡೆಯುತ್ತಾನೆ, ಅದೇ ಕಂಬಗಳ ಕೆಳಗೆ ನಿಲ್ಲುತ್ತಾನೆ. ಬೀದಿಗೆ ಅವನ ಮೇಲಿದ್ದ ನಂಬಿಕೆ ಹೋಗಿದೆ. ಹಸ್ತಪ್ರತಿ ಅಚ್ಚಾದದ್ದು 2011ರಲ್ಲಿ, ಕವಿ ಸತ್ತು ಹದಿನಾಲ್ಕು ವರ್ಷಗಳ ಮೇಲೆ. ದೀಪದ ಕಂಬ ಫಾಯ್ ಚಿತ್ರಗಳಲ್ಲೂ ಮರಳಿ ಮರಳಿ ಬರುತ್ತದೆ: ಮನೆಗಳು ವಾಲಿರುವಾಗ ಅದೊಂದು ಮಾತ್ರ ಮಾಡುಗಳನ್ನು ಮೀರಿ ನಿಲ್ಲುತ್ತದೆ. ಹಳೆಯ ಸೊಬಗಷ್ಟೇ ಬೇಕಿದ್ದವರು ಕಂಬವನ್ನೂ ತಂತಿಯನ್ನೂ ಮೊದಲು ಅಳಿಸುತ್ತಿದ್ದರು. ಇಂದು ಪ್ರವಾಸಿಗರಿಗೆಂದು ಮಾರುವ ಅಗ್ಗದ ಪ್ರತಿಗಳಲ್ಲಿ ಕಂಬದ ಜಾಗಕ್ಕೆ ಕೆಂಪು ಹೂವಿನ ಮರ ಬಂದಿರುತ್ತದೆ, ಬಿದಿರು ಟೋಪಿಯ ಹುಡುಗಿಯೂ ಸೈಕಲ್ಲೂ ಸೇರಿಕೊಂಡಿರುತ್ತವೆ. ಟ್ರಾನ್ ಜಾನ್ ಬಗ್ಗೆ ಇನ್ನೊಂದು ಮಾತು. ಅವರು ಬರಿಯ ಕವಿಯಾಗಿ ಉಳಿಯಲಿಲ್ಲ. ಮೌನದ ವರ್ಷಗಳಲ್ಲಿ ಕುಂಚವನ್ನೂ ಹಿಡಿದರು, 1978ರಲ್ಲಿ ಪದಗಳನ್ನೇ ಬಿಟ್ಟು ಗೆರೆಗಳಿಂದ ಕಟ್ಟಿದ ಕಾವ್ಯ-ಚಿತ್ರಗಳ ಸರಣಿ ಮಾಡಿದರು. ಈ ಪ್ರಯೋಗಗಳನ್ನು ದೊಡ್ಡ ಕಲೆ ಎಂದು ಹೊಗಳುವವರ ಜೊತೆ ನಾನಿಲ್ಲ. ಕಾದಂಬರಿಯ ಬೀಸು ಅವುಗಳಲ್ಲಿಲ್ಲ. ಆದರೆ ಚಿತ್ರಕಾರ ಊರಿನ ಜನರನ್ನು ಬಿಟ್ಟು ಗೋಡೆಗೆ ಬಂದದ್ದೂ, ಕವಿ ಪದ ಬಿಟ್ಟು ಗೆರೆಗೆ ಬಂದದ್ದೂ ಒಂದೇ ಒತ್ತಡದ ಫಲ ಎಂದು ತೋರುತ್ತದೆ.

ಜನರಿಲ್ಲದ ಬೀದಿಯ ವಿರುದ್ಧ ಇನ್ನೊಂದು ದೂರು ನೈತಿಕವಾದದ್ದು. ರೇಷನ್ ಸಾಲಿನಲ್ಲಿ ನಿಂತ ಹೆಂಗಸರನ್ನು, ಬಾಂಬಿಗೆ ಹೆದರಿ ನೆಲದ ಗುಂಡಿಗಿಳಿದ ಮುದುಕರನ್ನು ಬಿಟ್ಟು ಸುಣ್ಣ ಉದುರಿದ ಗೋಡೆಯ ಚಂದ ನೋಡುವುದು ನಿರ್ದಯವಲ್ಲವೇ? ಫಾಯ್‌ಗೆ ಮನುಷ್ಯರ ಮುಖ ಬರುತ್ತಿರಲಿಲ್ಲ ಎನ್ನುವಂತಿಲ್ಲ. 'ಚೆಓ' ಎಂಬ ಜನಪದ ರಂಗಪ್ರಕಾರದ ನಟ ನಟಿಯರನ್ನು ಅವರು ದಶಕಗಟ್ಟಲೆ ಬಿಡಿಸಿದರು: ಬಣ್ಣ ಹಚ್ಚಿಕೊಳ್ಳುವವರು, ಪರದೆಯ ಹಿಂದೆ ಸರದಿಗೆ ಕಾಯುವವರು, ಆಟ ಮುಗಿದು ದಣಿದವರು. ಗೆಳೆಯರ ಭಾವಚಿತ್ರಗಳೂ ಬೇಕಾದಷ್ಟಿವೆ. ಅಂದರೆ ಅವರ ಜಗತ್ತಿನಲ್ಲಿ ಮುಖಗಳಿವೆ, ಆದರೆ ವೇಷದಲ್ಲಿ ಅಥವಾ ನಾಲ್ಕು ಗೋಡೆಯ ನಡುವಿನ ಸ್ನೇಹದಲ್ಲಿ, ಬೀದಿಯಲ್ಲಲ್ಲ. ಬೀದಿಗೆ ಬಂದಾಗ ಮುಖ ಅಳಿಸಿಹೋಗುತ್ತದೆ. ಒಬ್ಬರನ್ನೊಬ್ಬರು ಗಮನಿಸುವ, ವರದಿ ಮಾಡುವ ಕಾಲದಲ್ಲಿ ಇದು ಚಂದದ ಗೀಳಲ್ಲ, ಕಾಲದ ಬಗೆಗಿನ ಕರಾರುವಾಕ್ಕಾದ ಹೇಳಿಕೆ. ಹಾಗೆಂದು ದೂರು ಪೂರ್ತಿ ಬಿದ್ದುಹೋಗುವುದಿಲ್ಲ. ಹಸಿವಿನ, ಇಕ್ಕಟ್ಟಿನ ಒಳಮನೆ ಅವರ ಚಿತ್ರದಲ್ಲಿ ಬರಲೇ ಇಲ್ಲ ಎಂಬುದು ಕೊರತೆಯೇ. ಒಂದು ಗೋಡೆ ಎಷ್ಟು ಮೌನವಾಗಿ ಮಾತಾಡಿದರೂ ಅದರ ಹಿಂದೆ ಐದು ಸಂಸಾರಗಳ ಒಲೆಹೊಗೆ ಇದೆ ಎಂದು ಇತಿಹಾಸ ಬಲ್ಲವನಿಗಷ್ಟೇ ತಿಳಿಯುತ್ತದೆ. ಚಿತ್ರ ತಾನಾಗಿ ಅದನ್ನು ಹೇಳುವುದಿಲ್ಲ. ಹಳಹಳಿಕೆಯ ಓದು ಅಷ್ಟು ಸುಲಭವಾಗಿ ಒಳನುಗ್ಗಿದ್ದು ಈ ತೆರಪಿನಿಂದಲೇ.

ಒಮ್ಮೆ ನುಗ್ಗಿದ ಮೇಲೆ ಮಾರುಕಟ್ಟೆ ಅದನ್ನು ಗಟ್ಟಿ ಮಾಡಿತು. ತೊಂಬತ್ತರ ದಶಕದಲ್ಲಿ ವಿದೇಶಿ ಕೊಳ್ಳುಗರು ಬಂದರು, ಹನೋಯ್ ಗ್ಯಾಲರಿಗಳು ಹುಟ್ಟಿಕೊಂಡವು, ಕಾಫಿಗೆ ಬದಲಾಗಿ ಕೊಟ್ಟ ಚಿತ್ರಗಳು ಹರಾಜಿಗೆ ಏರಿದವು. ಚಿಕ್ಕ ಗಾತ್ರ, ಸಾಮಾನ್ಯ ರಟ್ಟು, ಪದೇ ಪದೇ ಬಂದ ವಸ್ತು: ನಕಲಿಗೆ ಇದಕ್ಕಿಂತ ಅನುಕೂಲ ಏನು ಬೇಕು? ವಿಯೆಟ್ನಾಂನಲ್ಲಿ ಅತಿ ಹೆಚ್ಚು ನಕಲಾದ ಕಲಾವಿದರಲ್ಲಿ ಫಾಯ್ ಒಬ್ಬರು. 2016ರ ಜುಲೈನಲ್ಲಿ ಹೊ ಚಿ ಮಿನ್ ನಗರದ ಲಲಿತಕಲಾ ಸಂಗ್ರಹಾಲಯದಲ್ಲಿ ಯುರೋಪಿನಿಂದ ಮರಳಿದ ಚಿತ್ರಗಳೆಂದು ಹದಿನೇಳನ್ನು ಪ್ರದರ್ಶಿಸಿದರು, ಫಾಯ್ ಹೆಸರಿನವೂ ಅದರಲ್ಲಿದ್ದವು. ಕೊನೆಗೆ ಹದಿನೇಳರಲ್ಲಿ ಒಂದೂ ಸಾಚಾ ಅಲ್ಲ ಎಂದು ಸಂಗ್ರಹಾಲಯವೇ ಒಪ್ಪಿಕೊಳ್ಳಬೇಕಾಯಿತು. ಒಂದೇ ಬೀದಿಯನ್ನು ಸಾವಿರ ಸಲ ಬಿಡಿಸಿದವರ ತಪ್ಪೂ ಇದರಲ್ಲಿದೆ ಎಂದು ಕೆಲವರು ಹೇಳುತ್ತಾರೆ, ಪುನರಾವರ್ತನೆಯೇ ನಕಲಿಗೆ ಆಹ್ವಾನ ಎಂದು. ಅರ್ಧ ನಿಜ. ಅವರ ಎಂಬತ್ತರ ದಶಕದ ಕೆಲವು ಚಿತ್ರಗಳು ಕೈ ಅಭ್ಯಾಸಬಲದಿಂದ ಓಡಿದವು. ಅವನ್ನು ಸಮರ್ಥಿಸಿಕೊಳ್ಳುವ ಅಗತ್ಯ ನನಗಿಲ್ಲ. ಆದರೆ ನಕಲಿಗಾರರು ಏನನ್ನು ಬಿಟ್ಟರು ಎಂದು ನೋಡಿದರೆ ಅಸಲಿನಲ್ಲಿ ಏನಿತ್ತು ಎಂಬುದು ಸ್ಪಷ್ಟವಾಗುತ್ತದೆ. ನಕಲಿನಲ್ಲಿ ಮಾಡು ಚಂದವಾಗಿ ಬಾಗಿರುತ್ತದೆ, ಗೋಡೆಗೆ ಹದವಾದ ಹಳದಿ ಬಂದಿರುತ್ತದೆ, ಬಾಗಿಲು ತೆರೆದಿರುತ್ತದೆ. ಆ ಊರಿಗೆ ಏನೂ ಆಗಿಲ್ಲ.

ಫಾಯ್ ನಂತರದ, ನಿಜಕ್ಕೂ ಕಣ್ಣಿಗೆ ಹೊಡೆಯುವ ಬದಲಾವಣೆಯ ಹನೋಯ್‌ಗೆ ಬಂದ ಕಲೆಯನ್ನು ಈ ಅಳತೆಯಲ್ಲೇ ಇಟ್ಟು ನೋಡಬಹುದು. 2018ರಲ್ಲಿ ಫುಂಗ್ ಹುಂಗ್ ಬೀದಿಯಲ್ಲಿ, ಲಾಂಗ್ ಬಿಯೆನ್ ಸೇತುವೆಗೆ ಹೋಗುವ ರೈಲುಮಾರ್ಗದ ಕೆಳಗೆ ಮುಚ್ಚಿಹೋಗಿದ್ದ ಕಲ್ಲಿನ ಕಮಾನುಗಳ ಮೇಲೆ ವಿಯೆಟ್ನಾಂ ಮತ್ತು ಕೊರಿಯಾದ ಕಲಾವಿದರು ಭಿತ್ತಿಚಿತ್ರ ಬರೆದರು. ಹಳೆಯ ಟ್ರಾಂ, ಹೊತ್ತು ಮಾರುವ ಹೆಂಗಸರು, ಹಬ್ಬದ ಸಂತೆ; ಎಲ್ಲ ಹಸನ್ಮುಖ. ಜನ ಫೋಟೊ ತೆಗೆಸಿಕೊಳ್ಳಲು ಮುಗಿಬಿದ್ದರು. ಕೊಳಕಾಗಿದ್ದ ಬೀದಿ ಚೊಕ್ಕಟವಾಯಿತು, ಅದರ ಉಪಯೋಗವನ್ನು ಅಲ್ಲಗಳೆಯುವುದಿಲ್ಲ. ಆದರೆ ಟ್ರಾಂ ಯಾಕೆ ನಿಂತಿತು, ಹೊತ್ತು ಮಾರುವವರನ್ನು ಇಂದಿಗೂ ಪಾದಚಾರಿ ಮಾರ್ಗಗಳಿಂದ ಎಬ್ಬಿಸುತ್ತಿರುವವರು ಯಾರು ಎಂದು ಆ ಗೋಡೆಗಳು ಕೇಳುವುದಿಲ್ಲ. ಆ ಯೋಜನೆಯ ಮುಂದಾಳಾಗಿದ್ದ ನ್ಗುಯೆನ್ ಥೆ ಸೋನ್ ಅವರೇ ಮಾಡಿದ ಇನ್ನೊಂದು ಕೆಲಸ ಇದಕ್ಕಿಂತ ಎಷ್ಟೋ ಮೇಲು, ಇದೊಂದು ತಮಾಷೆ. ಹನೋಯ್‌ನ ಬೀದಿಮುಖದ ಮನೆಗಳ ಫೋಟೊಗಳನ್ನು ಕತ್ತರಿಸಿ, ಪದರ ಪದರವಾಗಿ ಜೋಡಿಸಿ ಅವರು ಉಬ್ಬುಚಿತ್ರಗಳ ಸರಣಿ ಮಾಡಿದರು. ಮನೆಯ ಮುಖವನ್ನು ನೆಲದಿಂದ ಮಾಡಿನವರೆಗೆ ಜಾಹೀರಾತು ಫಲಕ ನುಂಗಿದೆ, ಫಲಕದ ಸಂದಿನಿಂದ ಒಂದು ಹಳೆ ಕಿಟಕಿ, ಒಂದು ಒಣಹಾಕಿದ ಬಟ್ಟೆ ಇಣುಕುತ್ತದೆ. ಫಾಯ್‌ನ ಮುಚ್ಚಿದ ಬಾಗಿಲಿನ ಜಾಗಕ್ಕೆ ಇಲ್ಲಿ ಕಿರುಚುವ ಬೋರ್ಡು ಬಂದಿದೆ. ಹಿಂದಿನ ಸಂಸಾರ ಆಗಲೂ ಕಾಣುತ್ತಿರಲಿಲ್ಲ, ಈಗಲೂ ಕಾಣುವುದಿಲ್ಲ. ಫಾಯ್ ಪರಂಪರೆಯ ನಿಜವಾದ ಮುಂದುವರಿಕೆ ನನ್ನ ಲೆಕ್ಕದಲ್ಲಿ ಇದು, ಹಳದಿ ಗೋಡೆಯ ನಕಲುಗಳಲ್ಲ.

ಆದರೆ ಫಾಯ್ ಮುಟ್ಟದ ಇನ್ನೊಂದು ಹನೋಯ್ ಇದೆ. ಅದನ್ನು ಮರೆತರೆ ಈ ಹೊಗಳಿಕೆ ಏಕಪಕ್ಷೀಯವಾಗುತ್ತದೆ. ಅವರ ಕಾಲದಲ್ಲೇ ಕಿಮ್ ಲಿಯೆನ್‌ನಂಥ ಕಡೆ ಸಾಮೂಹಿಕ ವಸತಿ ಕಟ್ಟಡಗಳು ಎದ್ದವು. ಹನೋಯ್‌ನ ಹೊಸ ಮಧ್ಯಮವರ್ಗ ಅಲ್ಲಿ ಬೆಳೆಯಿತು. ಅವರ ಕುಂಚ ಅತ್ತ ಹೊರಳಲಿಲ್ಲ. ಊರಂಚಿನ ಹಳ್ಳಿಗಳೂ ಬರಲಿಲ್ಲ, ಮುಂದೆ ನಗರ ನುಂಗಿದ್ದು ಅವನ್ನೇ. ಆ ಕೆಲಸಕ್ಕೆ ಬೇರೊಬ್ಬರು ಬರಬೇಕಾಯಿತು. 1957ರಲ್ಲಿ ಹಾ ತಾಯ್‌ನ ಚುವಾ ಹಳ್ಳಿಯಲ್ಲಿ ಹುಟ್ಟಿದ ನ್ಗುಯೆನ್ ಕ್ವಾಂಗ್ ಥಿಯೆವ್ ಕವಿಯೂ ಹೌದು, ಚಿತ್ರಕಾರರೂ ಹೌದು. 1992ರ 'ಬೆಂಕಿಯ ನಿದ್ರಾಹೀನತೆ' ಸಂಕಲನಕ್ಕೆ ಮರುವರ್ಷ ಲೇಖಕರ ಸಂಘದ ಪ್ರಶಸ್ತಿ ಬಂತು. 2020ರಲ್ಲಿ ಅವರು ಅದೇ ಸಂಘದ ಅಧ್ಯಕ್ಷರಾದರು. ದಾಯ್ ನದಿಯಿಂದ ನೀರು ಹೊರುವ ಹೆಂಗಸರು, ದನಗಳು, ಕೆಸರು ಅವರ ಕಾವ್ಯದ ವಸ್ತು. 2008ರ ಗಡಿ ಬದಲಾವಣೆಯಿಂದ ಅವರ ಹುಟ್ಟೂರು ಒಂದು ಬೆಳಗ್ಗೆ ರಾಜಧಾನಿಯ ಭಾಗವಾಯಿತು, ಕವಿ ಕದಲಲಿಲ್ಲ, ನಗರವೇ ಅವರಿದ್ದಲ್ಲಿಗೆ ಬಂತು. ಅವರ ಮೊದಲಿನ ಕವಿತೆಗಳಲ್ಲಿ ಆ ಹೆಂಗಸರ ಕಾಲ ಬೆರಳಿನವರೆಗೂ ಕಣ್ಣಿಳಿಯುತ್ತದೆ, ಅದು ಫಾಯ್ ಬೀದಿಯಲ್ಲಿ ಎಂದೂ ಸಿಗದ ಮನುಷ್ಯ ಸಾಮೀಪ್ಯ. ಹಳ್ಳಿಯನ್ನು ಪವಿತ್ರ ಮಾಡುವ ಚಾಳಿ ಮಾತ್ರ ಅವರನ್ನು ಆಗಾಗ ಹಿಡಿಯುತ್ತದೆ. ಫಾಯ್ ಗೋಡೆಗೆ ದೇವರ ಪಟ್ಟ ಕಟ್ಟಲಿಲ್ಲ. ಸುಣ್ಣ ಉದುರಿದ್ದನ್ನು ಉದುರಿದಂತೆಯೇ ಬಿಟ್ಟರು. ಒಬ್ಬರ ದೂರ, ಇನ್ನೊಬ್ಬರ ಸಾಮೀಪ್ಯ ಎರಡೂ ಒಂದೇ ಕೈಯಲ್ಲಿ ಕೂಡಿದ ಹನೋಯ್ ಕೃತಿ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.

ವಿಯೆಟ್ನಾಂ ಎಂದರೆ ಯುದ್ಧದ ಫೋಟೊಗಳಷ್ಟೇ ನೆನಪಿಗೆ ಬರುವ ನಮ್ಮ ಓದುಗರಲ್ಲಿ ಈಗ ಹನೋಯ್‌ಗೆ ಪ್ರವಾಸ ಹೋಗುವವರು ಹೆಚ್ಚುತ್ತಿದ್ದಾರೆ. ಅಲ್ಲಿನ ಲಲಿತಕಲಾ ಸಂಗ್ರಹಾಲಯ ನ್ಗುಯೆನ್ ಥಾಯ್ ಹೋಕ್ ಬೀದಿಯ 66ನೇ ನಂಬರಿನಲ್ಲಿದೆ, ಫಾಯ್ ಚಿತ್ರಗಳು ಅಲ್ಲಿವೆ. ಹೋದವರು ಚಿತ್ರದ ಹೆಸರಿಗಿಂತ ಮೊದಲು ಅದರ ಇಸವಿ ನೋಡಿ, ಆ ವರ್ಷ ಆ ಬೀದಿಯಲ್ಲಿ ಏನು ನಡೆದಿತ್ತು ಎಂದು ವಿಚಾರಿಸಿ. ಬೀದಿಬದಿಯಲ್ಲಿ ಮಾರುವ ಹಳದಿ ಗೋಡೆಯ ಪ್ರತಿಯನ್ನು ಬೇಕಿದ್ದರೆ ಆಮೇಲೆ ಕೊಳ್ಳಬಹುದು.